ಲಾಲೆ ಹೆತ್ತದ್ದು

ಸೂಲಗಿತ್ತಿ ತಾತಿ ಬಿಸಿನೀರಿನ ಕೊಡ ಹಿಡಿದು ಒಳಗೆ ಕಾಲಿಟ್ಟಾಗ, ಬಾಣಂತಿಯ ಮಗ್ಗುಲಲ್ಲಿ ಮಿಸುಕಾಡುತ್ತಿದ್ದದ್ದು ಸಿಂಹದ ಮರಿ.

ಬಾಣಂತಿ ಲಾಲೆ, ಮೇಲೀಸ ದೊರೆ ಇಟ್ಟುಕೊಂಡವಳು, ಎಚ್ಚರ ತಪ್ಪಿ ಮಲಗಿದ್ದಳು. ಮರಿಯ ಮೈ ಒರೆಸುತ್ತಿದ್ದವಳು ಅಂತಃಪುರದ ಯಜಮಾನಿ ಅರ್ತಿಮೆ. ಹೊಕ್ಕುಳಬಳ್ಳಿ ಕೊಯ್ದ ಮರುಗಳಿಗೆಗೇ ತಾತಿಯ ಕೈಯಿಂದ ಕೂಸನ್ನು ಕಸಿದುಕೊಂಡು, ನೀರು ತಾ ಎಂದು ಹೊರಗಟ್ಟಿದವಳೂ ಅವಳೇ.

"ಇದೇನು ತಾಯೀ? ನಾನು ಎತ್ತಿದ್ದು ಮಗು..."

"ಕಿಟಕಿಗೆಲ್ಲ ಪರದೆ, ಕೋಣೆ ತುಂಬ ಧೂಪದ ಹೊಗೆ. ನಿನಗೆ ಏನೇ ಕಂಡಿತ್ತು? ಮಗುವೇ ಅಂತ ಕುವಾವ ದೇವಿ ಮೇಲೆ ಆಣೆ ಇಡ್ತೀಯಾ?"

ತಾತಿ ತನ್ನ ಅಂಗೈ ನೋಡಿಕೊಂಡಳು. ಸಾರ್ಡಿಸ್ ಊರಿನ ಅರ್ಧ ಮಂದಿ ಭೂಮಿಗೆ ಬಿದ್ದದ್ದೇ ಈ ಕೈಗೆ. ಜಾರಿ ಬಂದದ್ದು ಬೆಚ್ಚಗಿತ್ತು. ತಲೆಯಲ್ಲಿ ಕೂದಲಿತ್ತು. ಯಾವ ಕೂಸಿನ ತಲೆಯಲ್ಲಿ ಕೂದಲಿರುವುದಿಲ್ಲ? ಅತ್ತದ್ದಂತೂ ಮನುಷ್ಯರ ಕೂಸಿನ ಹಾಗೆಯೇ. ಅಷ್ಟರಲ್ಲಿ ಮರಿ ಬಾಯ್ತೆರೆದು ಅತ್ತಿತು. ಅದೂ ಹಾಗೆಯೇ ಕೇಳಿಸಿತು.

"ದೇವಿಯ ಗುಡಿಯಲ್ಲಿ ಸಿಂಹಿಣಿ ಮರಿ ಹಾಕಿದೆ ಅಂತ ಮೊನ್ನೆ..." ಎಂದು ಬಾಯಿ ತೆಗೆದಳು.

"ನಾಲಿಗೆ ಉದ್ದ ಮಾಡಬೇಡ," ಎಂದಳು ಅರ್ತಿಮೆ. "ಹೊರಗೆ ಕಣಿ ಹೇಳುವ ಅಯ್ಯನವರು ಕಾದಿದ್ದಾರೆ. ಮರಿಯನ್ನ ಕೋಟೆ ಸುತ್ತ ಹೊತ್ತು ತಂದರೆ ಊರು ಎಂದೂ ಹಗೆಗಳ ಪಾಲಾಗೋದಿಲ್ಲವಂತೆ. ನಿನ್ನ ಮಾತೊಂದು ಬೇಕು, ಅಷ್ಟೆ."

ಹೊರಗೆ ಜನ ಜಾತ್ರೆಯ ಹಾಗೆ ಸೇರಿತ್ತು. "ಎತ್ತಿದ್ದು ನೀನೇ ಏನವ್ವ?" ಎಂದು ಹಿರಿಯ ಅಯ್ಯ ಕೇಳಿದ.

"ಹೂಂ. ಈ ಕೈಯಲ್ಲೇ ಎತ್ತಿದೆ," ಎಂದಳು ತಾತಿ. ಏನನ್ನು ಎಂದು ಅವನು ಕೇಳಲಿಲ್ಲ. ಇವಳೂ ಹೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆ ಎಂಬುದೂ ಅವಳಿಗೆ ತಿಳಿಯಲಿಲ್ಲ. ಕೊಂಬು ಕೂಗಿತು. ಮುದುಕಿಯೊಬ್ಬಳು ಓಡಿಬಂದು ತಾತಿಯ ಕೈಗಳನ್ನು ಕಣ್ಣಿಗೊತ್ತಿಕೊಂಡಳು.

ಮರಿಯನ್ನು ತರಲು ತಾತಿಯನ್ನೇ ಒಳಗೆ ಕಳಿಸಿದರು. ಕೋಣೆಯಲ್ಲಿ ಅರ್ತಿಮೆ ಇರಲಿಲ್ಲ. ಲಾಲೆ ಗೋಡೆಗೊರಗಿ ಕೂತಿದ್ದಳು. ಮರಿಯನ್ನು ಎದೆಗೆ ಹಾಕಿಕೊಂಡಿದ್ದಳು. ಅದರ ಉಗುರು ಗೀರಿದಲ್ಲಿ ಸಣ್ಣಗೆ ರಕ್ತ ಜಿನುಗುತ್ತಿತ್ತು, ಅವಳು ಒರೆಸಿಕೊಂಡಿರಲಿಲ್ಲ.

"ಕೊಡವ್ವ, ಕರೀತಿದ್ದಾರೆ," ಎಂದಳು ತಾತಿ.

ಲಾಲೆ ತಲೆಯೆತ್ತಿದಳು. "ಎಲ್ಲರೂ ಸಿಂಹ, ಸಿಂಹ ಅಂತಾರೆ. ನನ್ನ ಕೂಸು ಗಂಡೋ ಹೆಣ್ಣೋ ಅಂತ ಒಬ್ಬರೂ ಹೇಳಲಿಲ್ಲವಲ್ಲ, ಅವ್ವಾ?"