ಹತ್ತೊಂಬತ್ತು ಸೆಕೆಂಡ್

ಕ್ಯಾಸೆಟ್ ನಕಲಿ ಎಂಬುದು ಆ ಕೋಣೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು. ಅದನ್ನು ಟೇಪ್‌ರೆಕಾರ್ಡರಿಗೆ ಹಾಕುತ್ತಿದ್ದವನೂ ಅವನೇ, ಸುಹಾಸ.

ಸಾಂತಾಕ್ರೂಜ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನ ಮಾಳಿಗೆ. ತಿಂಗಳ ಮೊದಲ ಭಾನುವಾರ, ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವವರೆಗೆ ಮಾಲೀಕ ದೇವಾನಂದ ಅದನ್ನು ಹನ್ನೊಂದು ಜನರಿಗೆ ಬಿಟ್ಟುಕೊಡುತ್ತಿದ್ದ. ಹನ್ನೊಂದು ಜನರಿಗೂ ಒಂದೇ ಹುಚ್ಚು: 'ಕಾರ್‌ಶೆಡ್'. ಮೂವತ್ತು ಚಿಲ್ಲರೆ ವರ್ಷದ ಹಿಂದೆ ಮುಂಬಯಿಯ ನಾಲ್ವರು ಮಾಡಿದ ಪ್ರೋಗ್ರೆಸಿವ್ ರಾಕ್ ಆಲ್ಬಮ್. ಒಂದು ಮಗ್ಗುಲಿಗೆ ಒಂದೇ ಹಾಡು, ಇಪ್ಪತ್ತೆರಡು ನಿಮಿಷ. ಜೊತೆಗೆ ತಾಳ ಹಾಕಲು ಹೋದವರು ಅರ್ಧದಲ್ಲೇ ಕೈಬಿಡುತ್ತಾರೆ.

ಜಗಳ ಎರಡನೇ ಮಗ್ಗುಲಿನದು. ಹಾಡಿನ ನಟ್ಟನಡುವೆ ಎಲ್ಲ ವಾದ್ಯಗಳೂ ಗಪ್ಪನೆ ನಿಲ್ಲುತ್ತವೆ. ಹತ್ತೊಂಬತ್ತು ಸೆಕೆಂಡ್ ಏನೂ ಇಲ್ಲ. ಆಮೇಲೆ ಡ್ರಮ್ಮು ಒಮ್ಮೆಲೇ ಮೈಮೇಲೆ ಬೀಳುತ್ತದೆ.

"ಆ ಮೌನವೇ ಆಲ್ಬಮ್ಮಿನ ಪ್ರಾಣ," ಎನ್ನುತ್ತಿದ್ದ ಸುಹಾಸ.

"ಅರೇ ಯಾರ್, ಟೇಪ್ ಅಳಿಸಿಹೋಗಿದೆ. ಮುಚ್ಚಿಡೋಕೆ ಹಾಗೇ ಬಿಟ್ಟಿದ್ದಾರೆ. ನೀನು ಅದಕ್ಕೆ ಕೂತು ಆರತಿ ಎತ್ತುತ್ತೀಯ," ಎನ್ನುತ್ತಿದ್ದಳು ಲಾವಣ್ಯಾ.

ಗುಂಪು ಕಟ್ಟಿದವರೇ ಇವರಿಬ್ಬರು. ಎರಡು ತಿಂಗಳ ಹಿಂದೆ ಮಾತಿಗೆ ಮಾತು ಬೆಳೆದು, ಸೋತವರು ಗುಂಪು ಬಿಡಬೇಕೆಂದು ಎಲ್ಲರೆದುರು ಪಣ ಬಿತ್ತು. ಕಾಂದಿವಲಿಯ ಪ್ಲಾಸ್ಟಿಕ್ ಕಾರ್ಖಾನೆಯ ಆಫೀಸಿನಲ್ಲಿ ವಾರಕ್ಕೆ ಆರು ದಿನ ಸವೆಯುವ ಸುಹಾಸನಿಗೆ ಈ ಭಾನುವಾರ ಬಿಟ್ಟರೆ ಬದುಕೇ ಇರಲಿಲ್ಲ. ಹೆದರಿಕೆಯಲ್ಲಿ ಮನುಷ್ಯ ಏನೇನೋ ಮಾಡುತ್ತಾನೆ. ಇವನು ಕಂಪ್ಯೂಟರಿನಲ್ಲಿ ಹಾಡನ್ನು ಸೀಳಿ, ಮೌನ ಶುರುವಾಗುವ ಮುಂಚೆ ಒಂದು ದನಿ ಕೂರಿಸಿದ. 'ಇನ್ನು ಯಾರೂ ನುಡಿಸಬೇಡಿ, ಹತ್ತೊಂಬತ್ತು ಎಣಿಸಿ' ಎನ್ನುವ ಹಿಂದಿ ಮಾತು. ದಪ್ಪ ಮಾಡಿದ ತನ್ನದೇ ದನಿ. ಅದನ್ನು ಹಳೆಯ ಕ್ಯಾಸೆಟ್ಟಿಗೆ ಇಳಿಸಿ, ರೆಕಾರ್ಡಿಂಗ್ ದಿನದ ಟೇಪು ಚೋರ್ ಬಜಾರಿನಲ್ಲಿ ಸಿಕ್ಕಿತು ಎಂದ.

ಲಾವಣ್ಯಾ ವಾದಿಸಲಿಲ್ಲ. ಅವರಿವರನ್ನು ವಿಚಾರಿಸಿ ಆಂಟಾಪ್ ಹಿಲ್‌ನಲ್ಲಿ ಶೇಖರರನ್ನು ಪತ್ತೆ ಹಚ್ಚಿದಳು. ಸ್ಟುಡಿಯೋದಲ್ಲಿ ಆ ಆಲ್ಬಮ್ಮನ್ನು ರೆಕಾರ್ಡ್ ಮಾಡಿದ ಎಂಜಿನಿಯರ್ ಅವರು. ಫೋನಿಗೆ ಬಂದದ್ದು ಹೆಂಡತಿ ಸೇವಂತಿ. "ಅವರಿಗೆ ಆ ದಿನದ ಮಾತೆಲ್ಲ ನೆನಪಿಲ್ಲ. ಆದರೆ ಟೇಪು ಅಸಲಿಯಾ ನಕಲಿಯಾ ಅಂತ ಹೇಳ್ಲಿಕ್ಕೆ ಬರ್ತಾರಂತೆ."

ಈಗ ಶೇಖರರು ಸ್ಪೀಕರಿನ ಎದುರಿಗೇ ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ಪಕ್ಕದಲ್ಲಿ ಸೇವಂತಿ, ಗಂಡನ ತೋಳಿನ ಮೇಲೆ ಕೈಯಿಟ್ಟುಕೊಂಡು.

"ಹಳೇ ಕ್ಯಾಸೆಟ್ ಸರ್, ಸ್ವಲ್ಪ ಗರಗರ ಇದೆ," ಎಂದ ಸುಹಾಸ, ತಲೆಯೆತ್ತದೆ.

ಶೇಖರರು ನಕ್ಕರು. "ನಿನ್ನೆಯೆಲ್ಲ ನನಗೆ ನಿಮ್ಮದೇ ಯೋಚನೆ."

ಸುಹಾಸ ಅಂದುಕೊಂಡ: ಮುದುಕ ಆಗಲೇ ವಾಸನೆ ಹಿಡಿದಿದ್ದಾನೆ. ಅಷ್ಟರಲ್ಲಿ ಮೆಟ್ಟಿಲ ಬಳಿ ವೇಟರನ ಕೈಯಿಂದ ತಟ್ಟೆ ಜಾರಿ, ಎಂಟು ಸ್ಟೀಲ್ ಲೋಟಗಳು ಉರುಳಿದವು. ಎಲ್ಲರೂ ಬೆಚ್ಚಿದರು. ಶೇಖರರ ರೆಪ್ಪೆಯೂ ಅಲುಗಲಿಲ್ಲ. ಎಂಥ ಏಕಾಗ್ರತೆ! ಸುಹಾಸ ಪ್ಲೇ ಬಟನ್ ಒತ್ತಿದ.

ಟೇಪು ತಿರುಗಿತು. ಶೇಖರರು ಕಣ್ಣು ಮುಚ್ಚಿದರು. ಗಿಟಾರು, ಕೀಬೋರ್ಡು, ಏಳರ ಲೆಕ್ಕದಲ್ಲಿ ಓಡುವ ಡ್ರಮ್ಮು. ಹತ್ತು ನಿಮಿಷ ಕಳೆಯಿತು. ಲಾವಣ್ಯಾಳ ಕಣ್ಣು ಟೇಪಿನ ಮೇಲಿರಲಿಲ್ಲ, ಸುಹಾಸನ ಮುಖದ ಮೇಲಿತ್ತು. ಅವನು ಮೂರು ಸಲ ಬೆವರು ಒರೆಸಿಕೊಂಡದ್ದನ್ನೂ ಅವಳು ನೋಡಿದಳು.

ಆ ದನಿ ಬಂತು. ಯಾರೂ ನುಡಿಸಬೇಡಿ, ಹತ್ತೊಂಬತ್ತು ಎಣಿಸಿ. ವಾದ್ಯಗಳು ನಿಂತವು.

ಒಂದು. ಎರಡು. ಮೂರು.

ಶೇಖರರು ಕೈ ಎತ್ತಿದರು.

ಹೆಚ್ಚುಕಡಿಮೆ ಅದೇ ಜಾಗ. ಸುಹಾಸ ಕೂಡಿಸಿ ಹೊಲಿದ ಜಾಗದಿಂದ ಮೂರು ಸೆಕೆಂಡ್ ಆಚೆ. ಅವನು ಕುಸಿದುಹೋದ.

"ಸಾಕು ಸರ್, ನೀವು ಹೇಳಬೇಡಿ, ನಾನೇ ಹೇಳ್ತೀನಿ. ಇದು ಅಸಲಿ ಅಲ್ಲ. ಆ ದನಿ ನಂದು. ಗುಂಪು ಬಿಟ್ಟುಹೋಗೋಕೆ ಆಗಲ್ಲ ಅಂತ ಮಾಡಿದೆ. ಸಾರಿ ಲಾವಣ್ಯಾ. ಎಲ್ಲರಿಗೂ ಸಾರಿ."

ಹತ್ತೊಂಬತ್ತು ಸೆಕೆಂಡ್ ಮುಗಿದು, ಡ್ರಮ್ಮು ಕಿಟಕಿಯ ಗಾಜು ಅದುರುವಂತೆ ಅಪ್ಪಳಿಸಿತು. ಲಾವಣ್ಯಾ ಕೂಡ ಬೆಚ್ಚಿ ಹಿಂದೆ ಸರಿದಳು.

ಶೇಖರರು ನಿಧಾನವಾಗಿ ಕಣ್ಣು ತೆರೆದರು. ಸುಹಾಸನ ಒದ್ದೆ ಕಣ್ಣು ನೋಡಿ ಅಕ್ಕರೆಯಿಂದ ತಲೆಯಾಡಿಸಿದರು. ಜೇಬಿನಿಂದ ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತೆಗೆದು, ಬಹುಮಾನ ಕೊಡುವವರ ಗತ್ತಿನಲ್ಲಿ ಲಾವಣ್ಯಾಳ ಕೈಗಿಟ್ಟರು.

ಸುಹಾಸ ಟೇಪು ನಿಲ್ಲಿಸಿದ. ಲಾವಣ್ಯಾ ಕಾಗದ ಬಿಚ್ಚಿ, ತೊದಲುತ್ತಾ, ಕನ್ನಡದ ದುಂಡು ಅಕ್ಷರಗಳನ್ನು ಓದಿದಳು.

"ಗಮನವಿಟ್ಟು ಕೇಳಿದೆ. ಇದು ನಾನೇ ರೆಕಾರ್ಡ್ ಮಾಡಿದ ಟೇಪು. ಅದರಲ್ಲಿರುವ ಮಾತೂ ಆ ದಿನದ್ದೇ. ಸಂಶಯ ಬೇಡ."

ಕೆಳಗೆ ಸಹಿ. ಸಹಿಯ ಕೆಳಗೆ ನಿನ್ನೆಯ ತಾರೀಖು.

ಸೇವಂತಿ ಗಂಡನ ತೋಳಿನಿಂದ ಕೈ ತೆಗೆದು, ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಸದ್ದು ನಿಂತಿತಲ್ಲ, ಹಾಡು ಮುಗಿಯಿತು ಅಂತ ನಾನೇ ಅವರ ತೋಳು ಒತ್ತಿದ್ದು. ಇಷ್ಟು ವರ್ಷದ ಮೇಲೆ ಯಾರೋ ಅವರನ್ನು ಕೆಲಸಕ್ಕೆ ಅಂತ ಕರೆದಿರಿ, ಇಲ್ಲ ಅನ್ಲಿಕ್ಕೆ ಮನಸ್ಸಾಗ್ಲಿಲ್ಲ ಮಗಾ."

ಅವರು ಶೇಖರರ ನಗುಮುಖದತ್ತ ನೋಡಿದರು. "ಅವರಿಗೆ ಕಿವಿ ಕೇಳದೆ ಮೂರು ವರ್ಷ ಆಯ್ತು."