ನೀಲಿ ಚಿಪ್, ಕಪ್ಪು ಚಿಪ್

"ಕಳಿಸೋದಾದ್ರೆ ನೀಲಿದನ್ನೇ ಕಳಿಸಮ್ಮ," ಎಂದರು ಪ್ರೊಫೆಸರ್. "ಎಷ್ಟು ಲಕ್ಷಣವಾಗಿ ಉರೀತಿದೆ ನೋಡು!"

ಅವರ ಸಂಶೋಧನಾ ವಿದ್ಯಾರ್ಥಿನಿಗೆ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಇಬ್ಬರೂ ರಕ್ಷಣೆಯ ಕನ್ನಡಕ ಹಾಕಿಕೊಂಡು ನಿಂತಿದ್ದರು. ಮೇಜಿನ ಮೇಲೆ ಅವಳು ಮಾಡಿದ ಎರಡು ಅತಿನೇರಳೆ ಚಿಪ್‌ಗಳಿದ್ದವು, ಒಂದೊಂದೂ ಅಕ್ಕಿಕಾಳಿನಷ್ಟು. ನೀರು ಶುದ್ಧ ಮಾಡುವ ಯಂತ್ರದ ಕಂಪನಿಗೆ ಒಂದನ್ನು ಕಳಿಸಬೇಕು. ಅವರು ಒಪ್ಪಿದರೆ ಅವಳ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ನಾಲ್ಕು ವರ್ಷದ ಬೆವರು ಮಣ್ಣುಪಾಲು.

"ಸರ್, ನೀಲಿಯಾಗಿ ಕಾಣೋದೇ ಅದರ ರೋಗ. ಒಳಗಿನ ದೋಷಗಳಲ್ಲಿ ಸಿಕ್ಕಿಕೊಂಡು ಶಕ್ತಿ ನೀಲಿ ಬೆಳಕಾಗಿ ಹಾಳಾಗ್ತಿದೆ. ಆ ಬೆಳಕಿಗೆ ಒಂದು ಕ್ರಿಮಿನೂ ಸಾಯಲ್ಲ. ಕೆಲಸ ಮಾಡ್ತಿರೋದು ಈ ಕಪ್ಪಗಿರೋದು."

"ಇದು ಹತ್ತೇ ಇಲ್ಲವಲ್ಲ!"

ಅತಿನೇರಳೆ ಕಣ್ಣಿಗೆ ಕಾಣದು ಎಂದು ಮೂವತ್ತು ವರ್ಷ ಪಾಠ ಮಾಡಿದ ಮನುಷ್ಯ ಈಗ ಅದು ಕಾಣುತ್ತಿಲ್ಲ ಎಂದು ತಕರಾರು ತೆಗೆದಿದ್ದರು. ಒಳಗೇ ಸಿಕ್ಕಿಬೀಳುವ ಬೆಳಕನ್ನು ಹೊರಗೆಳೆಯಲು ಕಪ್ಪು ಚಿಪ್‌ನ ಮೇಲೆ ಕೂದಲಿಗಿಂತ ನೂರಾರು ಪಟ್ಟು ಸಣ್ಣ ಕಂಬಗಳ ಕಾಡನ್ನೇ ಅವಳು ಬೆಳೆಸಿದ್ದಳು. ಕೊಟ್ಟ ವಿದ್ಯುತ್ತಿನ ನೂರರಲ್ಲಿ ಎರಡು ಪಾಲು ಬೆಳಕಾಗುತ್ತಿದ್ದದ್ದು ಈಗ ಆರಕ್ಕೇರಿತ್ತು. ಇದನ್ನೆಲ್ಲ ಇವರಿಗೇ ಬಿಡಿಸಿ ಹೇಳಬೇಕೆಂದರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

"ಬೆಳಕು ಅಳೆಯೋ ಮೀಟರ್ ನೋಡಿ ಸರ್!"

"ಮೀಟರ್ ಕೆಟ್ಟಿರಬಹುದು. ಅವರು ಸ್ವಿಚ್ ಹಾಕಿದಾಗ ಏನೂ ಕಾಣದಿದ್ರೆ ಟೋಪಿ ಹಾಕಿದ್ರು ಅಂದ್ಕೊಳಲ್ವಾ? ನಿನಗೆ ಇದೆಲ್ಲ ಗೊತ್ತಾಗಲ್ಲ. ಇರು, ನಾನೇ ಸರಿಯಾಗಿ ನೋಡ್ತೀನಿ."

ಇನ್ನೊಂದು ಮಾತಾಡಿದರೆ ನಾಲಿಗೆ ಜಾರುತ್ತದೆಂದು ಅವಳು ಹೊರಗೆ ಹೋಗಿ ಒಂದು ಲೋಟ ಕಾಫಿ ಕುಡಿದಳು. ಅದೂ ತಣ್ಣಗಾಗಿತ್ತು. ವಾಪಸು ಬಂದಾಗ ಪ್ರೊಫೆಸರ್ ಸ್ವಿಚ್ ಆರಿಸಿ ಹೊರಟು ನಿಂತಿದ್ದರು. "ನೋಡಿದೆ. ಸತ್ತಿದೆ. ಬೆಳಿಗ್ಗೆ ಕೊರಿಯರ್‌ನವನಿಗೆ ನೀಲಿದನ್ನೇ ಕೊಡು," ಎಂದರು. ಅವಳು ಹಲ್ಲು ಕಚ್ಚಿಕೊಂಡು ಹೂಂಗುಟ್ಟಿದಳು.

ಬೆಳಿಗ್ಗೆ ಅವಳು ಪೊಟ್ಟಣಕ್ಕೆ ಅಂಟುಪಟ್ಟಿ ಹಚ್ಚುತ್ತಿರುವಾಗ ಫೋನ್ ಬಂತು. ಪ್ರೊಫೆಸರರ ದನಿ ಉಡುಗಿತ್ತು.

"ರಾತ್ರಿಯಿಡೀ ಕಣ್ಣಿಗೆ ಮರಳು ತುಂಬಿದ ಹಾಗಿತ್ತಮ್ಮ. ಬಿಡೋಕೇ ಆಗ್ಲಿಲ್ಲ. ಆಸ್ಪತ್ರೆಗೆ ಹೋಗಿ ಬಂದೆ. ಎರಡು ದಿನದಲ್ಲಿ ಸರಿಹೋಗುತ್ತಂತೆ."

"ಸರ್! ರಕ್ಷಣೆ ಕನ್ನಡಕ ತೆಗೆದು ನೋಡಿದ್ರಾ?"

"ಹತ್ತಿದೆಯೋ ಇಲ್ಲವೋ ಗೊತ್ತಾಗಬೇಕಲ್ಲ. ಹತ್ತಿರ ಬಗ್ಗಿ ನೋಡಿದೆ."

ಅವಳಿಗೆ ಅಯ್ಯೋ ಪಾಪ ಅನ್ನಿಸಿತು. ಅದಕ್ಕೂ ಮೊದಲು, ನಾಚಿಕೆಯಿಲ್ಲದೆ, ಖುಷಿಯಾಯಿತು. ಪೊಟ್ಟಣದ ಅಂಟುಪಟ್ಟಿಯನ್ನು ಕಿತ್ತಳು.

"ಕಪ್ಪಗಿರೋದನ್ನ ಕಳಿಸ್ಲಾ ಸರ್?"

"ಕಳಿಸು ತಾಯಿ. ಆ ಡಾಕ್ಟ್ರು, ಎಷ್ಟು ಹೊತ್ತು ವೆಲ್ಡಿಂಗ್ ನೋಡ್ತಾ ನಿಂತಿದ್ರಿ ಅಂತ ಕೇಳಿದ್ರು," ಎಂದರು.

"ನೀವೇನಂದ್ರಿ?"

"ಏನನ್ನಲಿ? ಲೈಟೇ ಹತ್ತಿರಲಿಲ್ಲ ಡಾಕ್ಟ್ರೇ ಅಂದೆ."