ಕರು ಕಟ್ಟುವ ಮನೆ

"ಅದರಲ್ಲಿ ಯಾರಿರೋದು?" ಪೇಟೆಯಿಂದ ಬಂದ ವಿಟ್‌ಕಂಬ್ ದೊರೆಸಾನಿ ಅಂಗಳದಾಚೆಯ ದಿಮ್ಮಿಮನೆಯತ್ತ ಬೆರಳು ತೋರಿಸಿದಳು. ಅದರ ಮಾಡಿನ ಮೇಲೆ ಹುಲ್ಲು ಬೆಳೆದಿತ್ತು.

"ಯಾರೂ ಇಲ್ಲ. ಕರು ಕಟ್ಟೋಕೆ ಇಟ್ಕೊಂಡಿದೀವಿ," ಎಂದಳು ರಾಗ್ನ. ಅವಳು ನಿಂತಿದ್ದದ್ದು ಹೊಸ ಹಲಗೆಮನೆಯ ಮೆಟ್ಟಿಲ ಮೇಲೆ. ಅದರ ಬಣ್ಣವಿನ್ನೂ ಆರಿರಲಿಲ್ಲ, ಒಳಗೆ ಕೂರಲು ಒಂದು ಕುರ್ಚಿಯೂ ಇರಲಿಲ್ಲ. ಅವಳ ಎರಡೂ ಹೆರಿಗೆಯಾದದ್ದು, ನಿನ್ನೆ ಅವಳು ಮಲಗಿದ್ದು, ಎಲ್ಲ ಆ ದಿಮ್ಮಿಮನೆಯಲ್ಲೇ. ತೀರಿಹೋದ ಮಾವ ನಾರ್ವೆಯಲ್ಲಿ ಬಿಟ್ಟುಬಂದ ಮನೆಯ ಹಾಗೆಯೇ ಇರಲೆಂದು, ಒಂದು ಮೊಳೆಯನ್ನೂ ಬಡಿಯದೆ, ಮೂಲೆಗಳಲ್ಲಿ ದಿಮ್ಮಿಗೆ ದಿಮ್ಮಿ ಕಚ್ಚಿಸಿ ಮಿನೆಸೋಟದ ಈ ಬಯಲಲ್ಲಿ ಅದನ್ನು ಕಟ್ಟಿದ್ದರು.

ಅಷ್ಟರಲ್ಲಿ ಆ ಮನೆಯ ಗಿಡ್ಡ ಬಾಗಿಲಲ್ಲಿ ತಲೆ ಬಗ್ಗಿಸಿ ಅತ್ತೆ ಆಸ್ಲಾಗ್ ಹೊರಬಂದರು. ಕೈಯಲ್ಲಿ ಕಾಫಿಯ ತಟ್ಟೆ, ಅದರಲ್ಲಿ ನೆಂಟರಿಗೆಂದೇ ಎತ್ತಿಟ್ಟಿದ್ದ ನೀಲಿ ಬಟ್ಟಲುಗಳು. ಪೇಟೆಯಲ್ಲಿ ಇಪ್ಪತ್ತು ವರ್ಷ ಬೆಣ್ಣೆ ಮಾರಿದವರಿಗೆ ಸೊಸೆಯಾಡಿದ ಅಷ್ಟು ಇಂಗ್ಲಿಷ್ ಅರ್ಥವಾಗದೆ ಇರಲಿಲ್ಲ. ಅವರು ತಟ್ಟೆಯನ್ನು ಮತ್ತೆ ಒಳಗಿನ ಮೇಜಿನ ಮೇಲೆ ಇಟ್ಟು ಬಂದರು. ಬೇಲಿಯ ಬಳಿ ಮೇಯುತ್ತಿದ್ದ ಕರುವನ್ನು ಹಗ್ಗ ಹಿಡಿದು ತಂದರು. ಬೆಳಿಗ್ಗೆಯಷ್ಟೇ ತಾವು ಮಂಡಿಯೂರಿ, ಮರಳು ಹಾಕಿ ಉಜ್ಜಿದ್ದ ನೆಲದ ಮೇಲೆ ಅದನ್ನು ನುಗ್ಗಿಸಿ ಬಾಗಿಲೆಳೆದರು.

"ಕರು ಕಟ್ಟಿದೀನಿ, ಅಮ್ಮಾವ್ರೇ," ಎಂದರು ಸೊಸೆಗೆ, ತಮ್ಮ ಹರಕುಮುರುಕು ಇಂಗ್ಲಿಷಿನಲ್ಲಿ.

"ಹೇಳೋದೇ ಬೇಕಾಗಿಲ್ವಲ್ಲ. ಒಳ್ಳೇ ಆಳು ಸಿಕ್ಕಿದಾಳೆ ನಿಮಗೆ," ಎಂದಳು ದೊರೆಸಾನಿ.

ಅತ್ತೆ ಅಲ್ಲೇ ನಿಂತಿದ್ದರು, ರಾಗ್ನಳ ಮುಖವನ್ನೇ ನೋಡುತ್ತ.

ರಾಗ್ನ "ಹೂಂ" ಎಂದಳು.